ಮೊಬೈಲಿನಲ್ಲಿ ಆಟದ ಸ್ಲೋ ಮೋಷನ್: ಚೆನ್ನಾಗಿ ತೆಗೆಯುವುದು ಹೇಗೆ?



ನಮ್ಮ ಗೋವಿನಕೋವಿಯಲ್ಲಿ ಕಬಡ್ಡಿ ಮುಗಿದರೂ ಇನ್ನೊಂದು ಆಟ ಮುಗಿಯುವುದಿಲ್ಲ. ಅದೇ ವಾದ! "ಕಾಲು ಗೆರೆ ದಾಟಿತ್ತು" ಅಂತ ಒಂದು ಗುಂಪು, "ಎಲ್ಲಿ ದಾಟೈತೋ, ಸುಮ್ನಿರೋ" ಅಂತ ಇನ್ನೊಂದು ಗುಂಪು. ಸಂಜೆ ಆಟದ ಮೈದಾನದಲ್ಲಿ ಶುರುವಾದ ವಾದ ಮಾರನೇ ದಿನ ಪ್ರಾರ್ಥನೆಯ ಸಾಲಿನಲ್ಲೂ ನಡೆದಿರುತ್ತದೆ. ಈಗ ಬಹಳ ಮನೆಗಳಲ್ಲಿ ಕ್ಯಾಮೆರಾ ಇರುವ ಮೊಬೈಲ್ ಇದೆ. ಅದರಲ್ಲಿ ಸ್ಲೋ ಮೋಷನ್ ಎಂಬ ಸೌಲಭ್ಯವೂ ಎಷ್ಟೋ ಸಲ ಇರುತ್ತದೆ. ಆದರೆ ತೆಗೆದ ವಿಡಿಯೋ ನೋಡಿದರೆ ಒಂದು ಸಲ ಕತ್ತಲು, ಒಂದು ಸಲ ಮಸುಕು, ಒಂದು ಸಲ ಬರೀ ಅಲುಗಾಟ. ಹಳೆಯ ಜಗಳ ಬಗೆಹರಿಯುವುದಿರಲಿ, ಹೊಸದೊಂದು ಹುಟ್ಟುತ್ತದೆ. ಆದ್ದರಿಂದ ಸಾಧಾರಣ ಮೊಬೈಲಿನಲ್ಲೇ ಒಳ್ಳೆಯ ಸ್ಲೋ ಮೋಷನ್ ತೆಗೆಯುವುದು ಹೇಗೆಂದು ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಸ್ಲೋ ಮೋಷನ್ ಎಂದರೇನು?

ಸಿನಿಮಾ ಆಗಲಿ, ವಿಡಿಯೋ ಆಗಲಿ, ಅದರಲ್ಲಿ ಇರುವುದು ನಿಂತ ಚಿತ್ರಗಳೇ. ನೋಟ್‌ಬುಕ್ಕಿನ ಮೂಲೆಯಲ್ಲಿ ಗೊಂಬೆ ಬರೆದು ಪುಟಗಳನ್ನು ಸರಸರ ಬಿಟ್ಟರೆ ಗೊಂಬೆ ಓಡುತ್ತದಲ್ಲ, ಅದೇ ರೀತಿ. ಒಂದೊಂದು ನಿಂತ ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಮೊಬೈಲಿನ ಸಾಮಾನ್ಯ ವಿಡಿಯೋದಲ್ಲಿ ಸೆಕೆಂಡಿಗೆ 30 ಫ್ರೇಮ್ ಇರುತ್ತವೆ.

ಸೆಕೆಂಡಿಗೆ 240 ಫ್ರೇಮ್ ತೆಗೆದು, ತೋರಿಸುವಾಗ ಸೆಕೆಂಡಿಗೆ 30ರಂತೆ ತೋರಿಸಿದರೆ ಏನಾಗುತ್ತದೆ? ಒಂದು ಸೆಕೆಂಡಿನ ಕೆಲಸ ನೋಡಲು 8 ಸೆಕೆಂಡು ಬೇಕಾಗುತ್ತದೆ. 120 ತೆಗೆದರೆ 4 ಸೆಕೆಂಡು. ಇದೇ ಸ್ಲೋ ಮೋಷನ್. ಹಾಗಾಗಿ ಇದು ನಿಧಾನ ಮಾಡುವ ವಿದ್ಯೆಯಲ್ಲ, ಹೆಚ್ಚು ಚಿತ್ರ ತೆಗೆಯುವ ವಿದ್ಯೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಕೆಲವರು ಸಾಮಾನ್ಯ ವಿಡಿಯೋ ತೆಗೆದು ಆಮೇಲೆ ನಿಧಾನ ಮಾಡುತ್ತಾರೆ. ಆಗ ಆಟಗಾರ ತಡೆತಡೆದು ಕುಪ್ಪಳಿಸಿದಂತೆ ಕಾಣುತ್ತಾನೆ. ಯಾಕೆಂದರೆ ನಡುವಿನ ಚಿತ್ರಗಳು ತೆಗೆದೇ ಇಲ್ಲ. ಬಾವಿಯಲ್ಲಿ ಇಲ್ಲದ ನೀರು ಬಿಂದಿಗೆಗೆ ಎಲ್ಲಿಂದ ಬರಬೇಕು?

ಈ ವಿದ್ಯೆ ಬಂದ ದಾರಿ

ಕುದುರೆ ದೌಡಾಯಿಸುವಾಗ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ? ಮೊದಲು ಇದು ಯಾರಿಗೂ ಖಚಿತವಿರಲಿಲ್ಲ, ಯಾಕೆಂದರೆ ಕಣ್ಣಿಗೆ ಅಷ್ಟು ವೇಗ ಸಿಗುವುದಿಲ್ಲ. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ದಾರಿಯ ಪಕ್ಕ 12 ಕ್ಯಾಮೆರಾ ಸಾಲಾಗಿ ಇಟ್ಟ. ದಾರಿಗೆ ಅಡ್ಡವಾಗಿ ದಾರಗಳನ್ನು ಕಟ್ಟಿದ. ಕುದುರೆ ದಾರ ತಾಗಿಸಿದಂತೆಲ್ಲ ಒಂದೊಂದು ಕ್ಯಾಮೆರಾ ಚಿತ್ರ ತೆಗೆಯಿತು. ನಾಲ್ಕೂ ಕಾಲು ನೆಲ ಬಿಡುವುದು ನಿಜವೇ ಎಂದು ತಿಳಿಯಿತು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗ ಅಲ್ಲ, ಕಾಲುಗಳು ಹೊಟ್ಟೆಯ ಕೆಳಗೆ ಕೂಡಿದಾಗ! ನೂರಾರು ವರ್ಷ ಬರೆದ ಚಿತ್ರಗಳು ತಪ್ಪೆಂದು 12 ಫ್ರೇಮ್ ತೋರಿಸಿದವು.

ಕ್ರಿಕೆಟ್ಟಿಗೆ ಇದು ತೀರ್ಪಿನ ಸಾಧನವಾಗಿ ಬಂದದ್ದು 1992ರ ನವೆಂಬರಿನಲ್ಲಿ. ದಕ್ಷಿಣ ಆಫ್ರಿಕಾದ ಡರ್ಬಾನ್ ಟೆಸ್ಟಿನಲ್ಲಿ ಜಾಂಟಿ ರೋಡ್ಸ್ ಎಸೆದ ಚೆಂಡಿಗೆ ನಮ್ಮ ಸಚಿನ್ ತೆಂಡೂಲ್ಕರ್ ರನ್ ಔಟ್ ಆದರೋ ಇಲ್ಲವೋ ಎಂಬ ಅನುಮಾನ ಬಂತು. ಮೂರನೇ ಅಂಪೈರ್ ಟಿ.ವಿ. ಚಿತ್ರವನ್ನು ನಿಧಾನವಾಗಿ ನೋಡಿ ಔಟ್ ಎಂದರು. ಟಿ.ವಿ. ನೋಡಿ ಹೀಗೆ ಔಟ್ ಕೊಟ್ಟದ್ದು ಟೆಸ್ಟ್ ಪಂದ್ಯದಲ್ಲಿ ಅದೇ ಮೊದಲು.

ಆ ಕಾಲದಲ್ಲಿ ಇಂಥ ಕ್ಯಾಮೆರಾ ನಮ್ಮಂಥವರ ಕೈಗೆ ಸಿಗುವ ವಸ್ತುವಾಗಿರಲಿಲ್ಲ. 2008ರಲ್ಲಿ ಕ್ಯಾಸಿಯೋ ಕಂಪನಿ ಸಾಮಾನ್ಯರು ಕೊಳ್ಳಬಹುದಾದ ಒಂದು ಕ್ಯಾಮೆರಾ ತಂದಿತು. ಅದು ಸೆಕೆಂಡಿಗೆ 1200 ಫ್ರೇಮ್‌ವರೆಗೂ ತೆಗೆಯುತ್ತಿತ್ತು. ಆದರೆ 300 ಫ್ರೇಮಿನಲ್ಲಿ ಚಿತ್ರದ ಅಳತೆ 512ಕ್ಕೆ 384 ಚುಕ್ಕಿ ಇದ್ದದ್ದು, 1200 ಫ್ರೇಮಿನಲ್ಲಿ ಬರೀ 336ಕ್ಕೆ 96 ಚುಕ್ಕಿಗೆ ಇಳಿಯುತ್ತಿತ್ತು. ಹೆಚ್ಚು ಫ್ರೇಮ್ ಬೇಕೆಂದರೆ ಚಿತ್ರ ಚಿಕ್ಕದು, ಇದು ಈಗಲೂ ಬಹಳ ಮೊಬೈಲುಗಳಲ್ಲಿ ನಡೆಯುವ ಲೆಕ್ಕ. 2013ರಲ್ಲಿ ಐಫೋನಿಗೆ 120 ಫ್ರೇಮ್, 2014ರಲ್ಲಿ 240 ಫ್ರೇಮ್ ಬಂತು. ಈಗ ಕಡಿಮೆ ಬೆಲೆಯ ಎಷ್ಟೋ ಮೊಬೈಲುಗಳಲ್ಲೂ 120 ಸಿಗುತ್ತದೆ.

ಎಷ್ಟು ಫ್ರೇಮ್ ಬೇಕು?

100 ಮೀಟರನ್ನು ಸುಮಾರು 14 ಸೆಕೆಂಡಿನಲ್ಲಿ ಓಡುವ ಹುಡುಗನ ವೇಗ ಸೆಕೆಂಡಿಗೆ 7 ಮೀಟರ್. ಸಾಮಾನ್ಯ ವಿಡಿಯೋದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅವನು 23 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಅಂದರೆ ಹೆಚ್ಚುಕಡಿಮೆ ಒಂದು ಪಾದದಷ್ಟು! ಆ ಒಂದು ಪಾದದ ಜಾಗದಲ್ಲಿ ಏನು ನಡೆಯಿತೆಂದು ವಿಡಿಯೋಕ್ಕೂ ಗೊತ್ತಿಲ್ಲ. 240 ಫ್ರೇಮಿನಲ್ಲಾದರೆ ಅದೇ ಅಂತರ 3 ಸೆಂಟಿಮೀಟರಿಗಿಂತ ಕಡಿಮೆ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಲೆಕ್ಕ ಹಾಕಿದವರು 100 ಮೀಟರಿಗೆ 9.55 ಸೆಕೆಂಡು ಬರುತ್ತದೆಂದು ಹೇಳಿ ಉಸೇನ್ ಬೋಲ್ಟ್ 2009ರಲ್ಲಿ ಮಾಡಿದ 9.58ರ ದಾಖಲೆಗೆ ಹೋಲಿಸಿದರು. ಕೋಣ ಎಳೆಯುವ ಓಟಕ್ಕೂ ಒಬ್ಬನೇ ಓಡುವ ಓಟಕ್ಕೂ ಹೋಲಿಕೆ ಸರಿಯಲ್ಲ, ಅದು ಬೇರೆ ಮಾತು. ಆದರೆ ಅಂಥ ವೇಗದ ಓಟವನ್ನು ಸಾಮಾನ್ಯ ವಿಡಿಯೋದಲ್ಲಿ ತೆಗೆದರೆ ಎರಡು ಚಿತ್ರಗಳ ನಡುವೆ ಸುಮಾರು 35 ಸೆಂಟಿಮೀಟರ್ ಖಾಲಿ ಉಳಿಯುತ್ತದೆ.

ನಮ್ಮ ಶಾಲೆಯ ಆಟಗಳಿಗೆ 120 ಸಾಕು. ಗೆರೆ ಮುಟ್ಟಿದ್ದು, ಚೆಂಡು ಬೆರಳಿಗೆ ತಾಗಿದ್ದು ನೋಡಬೇಕಾದರೆ 240 ಒಳ್ಳೆಯದು. ಅದಕ್ಕಿಂತ ಮೇಲೆ ಹೋಗುವ ಆಸೆ ಬೇಡ.

ಬೆಳಕೇ ಬಂಡವಾಳ

ಸೆಕೆಂಡಿಗೆ 30 ಚಿತ್ರ ತೆಗೆಯುವಾಗ ಒಂದೊಂದು ಚಿತ್ರಕ್ಕೆ ಸೆಕೆಂಡಿನ 30ನೇ ಒಂದು ಭಾಗದವರೆಗೆ ಬೆಳಕು ಸಿಗಬಹುದು. 240 ಚಿತ್ರ ತೆಗೆಯುವಾಗ ಸಿಗುವುದು ಹೆಚ್ಚೆಂದರೆ 240ನೇ ಒಂದು ಭಾಗ. ಅಂದರೆ ಎಂಟರಲ್ಲಿ ಒಂದು ಪಾಲು ಬೆಳಕು. ಒಬ್ಬರಿಗೆ ಬಡಿಸಿದ ಮುದ್ದೆಯನ್ನು ಎಂಟು ಜನಕ್ಕೆ ಹಂಚಿದ ಹಾಗೆ. ಕೋಣೆಯೊಳಗೆ ತೆಗೆದ ಸ್ಲೋ ಮೋಷನ್ ಕತ್ತಲಾಗಿ, ಕಾಳು ಕಾಳಾಗಿ ಕಾಣುವುದು ಇದಕ್ಕೇ.

ಟ್ಯೂಬ್‌ಲೈಟ್ ಇರುವ ಕೋಣೆಯ ಬೆಳಕು ಸುಮಾರು 300ರಿಂದ 500 ಲಕ್ಸ್ ಇರುತ್ತದೆ. ಲಕ್ಸ್ ಎಂಬುದು ಬೆಳಕಿನ ಅಳತೆ. ನಡುಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್! ಪೇಟೆಯವರು ಸಾವಿರಾರು ರೂಪಾಯಿ ಕೊಟ್ಟು ದೀಪ ತರುತ್ತಾರೆ, ನಮ್ಮ ಮೈದಾನದಲ್ಲಿ ಅದು ಪುಕ್ಕಟೆ ಬಿದ್ದಿದೆ.

ಬಿಸಿಲಿನಿಂದ ಇನ್ನೊಂದು ಲಾಭವೂ ಇದೆ. ಕ್ಯಾಮೆರಾ ಒಂದು ಚಿತ್ರಕ್ಕೆ ಎಷ್ಟು ಹೊತ್ತು ಕಣ್ಣು ತೆರೆದಿರುತ್ತದೋ ಅದಕ್ಕೆ ಷಟರ್ ವೇಗ ಎನ್ನುತ್ತಾರೆ. 7 ಮೀಟರ್ ವೇಗದ ಓಟಗಾರನನ್ನು ಸೆಕೆಂಡಿನ 60ನೇ ಒಂದು ಭಾಗ ನೋಡಿದರೆ ಅವನ ಚಿತ್ರ ಸುಮಾರು 12 ಸೆಂಟಿಮೀಟರ್ ಬಳಿದುಕೊಳ್ಳುತ್ತದೆ. 1000ನೇ ಒಂದು ಭಾಗ ನೋಡಿದರೆ ಬರೀ 7 ಮಿಲಿಮೀಟರ್. ಬಿಸಿಲು ಜೋರಾಗಿದ್ದರೆ ಮೊಬೈಲ್ ತಾನಾಗಿಯೇ ಬೇಗ ಕಣ್ಣು ಮುಚ್ಚುತ್ತದೆ. ಪ್ರೋ ಎಂಬ ವಿಭಾಗದಲ್ಲಿ ಷಟರ್ ವೇಗ ಬದಲಿಸಲು ಬಂದರೆ ಬಿಸಿಲಿನಲ್ಲಿ 1000ಕ್ಕೆ ಇಡಿ.

ರಾತ್ರಿ ದೀಪದ ಕೆಳಗೆ ನಡೆಯುವ ಕಬಡ್ಡಿಗೆ ಬೇರೆಯೇ ತೊಂದರೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಅದರಿಂದ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಏರಿಳಿದು ಮಿನುಗುತ್ತವೆ. ಕಣ್ಣಿಗೆ ಕಾಣದು, ಆದರೆ 240 ಫ್ರೇಮಿಗೆ ಚೆನ್ನಾಗಿ ಕಾಣುತ್ತದೆ. ವಿಡಿಯೋ ಹೊಯ್ದಾಡುವ ಚಿಮಣಿಯಂತೆ ಬೆಳಗಿ ಆರುತ್ತದೆ. ರಾತ್ರಿ ಸ್ಲೋ ಮೋಷನ್ ಬಿಟ್ಟು ಸಾಮಾನ್ಯ ವಿಡಿಯೋ ತೆಗೆಯುವುದೇ ಲೇಸು. ಷಟರ್ ಬದಲಿಸಲು ಬರುವುದಾದರೆ 100ಕ್ಕೆ ಇಟ್ಟರೆ ಮಿನುಗು ನಿಲ್ಲುತ್ತದೆ.

ಎಲ್ಲಿ ನಿಲ್ಲಬೇಕು?

ನನ್ನ ಪ್ರಕಾರ ಮೊಬೈಲಿನ ಬೆಲೆಗಿಂತ ಇದು ದೊಡ್ಡ ವಿಷಯ. ಗೆರೆ ಮುಟ್ಟಿದ್ದನ್ನು ನೋಡಬೇಕಾದರೆ ಕ್ಯಾಮೆರಾ ಗೆರೆಯ ನೇರಕ್ಕೇ ಇರಬೇಕು. ಪಕ್ಕದಲ್ಲಿ ಓರೆಯಾಗಿ ನಿಂತರೆ ನೆಲದಿಂದ ನಾಲ್ಕು ಬೆರಳು ಮೇಲಿರುವ ಕಾಲೂ ಗೆರೆಯಾಚೆ ಇದ್ದಂತೆ ಕಾಣುತ್ತದೆ. ಬೇಕಾದರೆ ಮೇಜಿನ ಮೇಲೆ ಸ್ಕೇಲ್ ಇಟ್ಟು, ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ಬೆರಳು ಹಿಡಿದು, ತಲೆಯನ್ನು ಅತ್ತಿತ್ತ ಆಡಿಸಿ ನೋಡಿ. ಬೆರಳು ಒಮ್ಮೆ ಸ್ಕೇಲಿನ ಈಚೆ, ಒಮ್ಮೆ ಆಚೆ! ಕ್ರಿಕೆಟ್ಟಿನಲ್ಲಿ ರನ್ ಔಟ್ ನೋಡುವ ಕ್ಯಾಮೆರಾಗಳನ್ನು ಕ್ರೀಸಿನ ನೇರಕ್ಕೆ ಇಡುವುದು ಇದಕ್ಕಾಗಿ. ಓರೆಯಾಗಿ ತೆಗೆದ ವಿಡಿಯೋ ಹಿಡಿದುಕೊಂಡು ಅಂಪೈರ್ ಹತ್ತಿರ ಜಗಳಕ್ಕೆ ಹೋಗುವುದು ಅನ್ಯಾಯ.

ಉಳಿದ ಸೂಚನೆಗಳು ಹೀಗಿವೆ:

1) ಸೂರ್ಯ ನಿಮ್ಮ ಬೆನ್ನಿಗಿರಲಿ. ಎದುರಿಗಿದ್ದರೆ ಆಟಗಾರ ಕಪ್ಪು ನೆರಳಾಗುತ್ತಾನೆ.

2) ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ. ಎರಡು ಇಟ್ಟಿಗೆ ನಡುವೆ ನಿಲ್ಲಿಸಿ, ಇಲ್ಲವೇ ಸೈಕಲ್ ಕ್ಯಾರಿಯರಿಗೆ ಹಳೆಯ ಟ್ಯೂಬಿನ ತುಂಡಿನಿಂದ ಕಟ್ಟಿ. ಖರ್ಚಿಲ್ಲ, ಅಲುಗಾಟವೂ ಇಲ್ಲ.

3) ಬೆರಳಿನಿಂದ ಎಳೆದು ದೊಡ್ಡದು ಮಾಡಬೇಡಿ. ಚಿತ್ರ ಹಿಗ್ಗುತ್ತದೆ, ವಿವರ ಹೆಚ್ಚುವುದಿಲ್ಲ. ಬೇಕಾದರೆ ನಾಲ್ಕು ಹೆಜ್ಜೆ ಹತ್ತಿರ ಹೋಗಿ.

4) ಆಟ ನಡೆಯುವ ಜಾಗದ ಮೇಲೆ ಪರದೆಯಲ್ಲಿ ಬೆರಳನ್ನು ಒತ್ತಿ ಹಿಡಿಯಿರಿ. ಬಹಳ ಮೊಬೈಲುಗಳಲ್ಲಿ ಫೋಕಸ್ಸೂ ಬೆಳಕೂ ಅಲ್ಲಿಗೇ ಬಿಗಿಯಾಗುತ್ತವೆ. ನಡುವೆ ಯಾರಾದರೂ ಅಡ್ಡ ಬಂದರೂ ಚಿತ್ರ ಮಂಜಾಗುವುದಿಲ್ಲ.

5) ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಮೈದಾನದ ಧೂಳಿಗೂ ಕೈಯ ಎಣ್ಣೆಗೂ ಇದೇ ಮದ್ದು.

6) ಐದು, ಹತ್ತು ಸೆಕೆಂಡಿನ ಚಿಕ್ಕ ತುಂಡುಗಳನ್ನೇ ತೆಗೆಯಿರಿ. 8 ಪಟ್ಟು ಚಿತ್ರ ಎಂದರೆ ಮೆಮೊರಿ ಬೇಗ ತುಂಬುತ್ತದೆ, ಬಿಸಿಲಿಗೆ ಮೊಬೈಲೂ ಕಾಯುತ್ತದೆ.

7) ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯಲ್ಲಿ ತೀರ್ಪು ನೋಡಬೇಡಿ, ಅದು ವಿಡಿಯೋವನ್ನು ಕುಗ್ಗಿಸಿಬಿಡುತ್ತದೆ. ತೆಗೆದ ಮೊಬೈಲಿನಲ್ಲೇ ನೋಡಿ, ಇಲ್ಲವೇ ಕೇಬಲ್ ಹಾಕಿ ಕಂಪ್ಯೂಟರಿಗೆ ತೆಗೆದುಕೊಳ್ಳಿ. ಕಂಪ್ಯೂಟರಿನ ವಿ.ಎಲ್.ಸಿ. ತಂತ್ರಾಂಶದಲ್ಲಿ 'ಇ' ಅಕ್ಷರದ ಕೀಲಿ ಒತ್ತಿದಂತೆಲ್ಲ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಯಾವ ಆಟಕ್ಕೆ ಹೇಗೆ?

ಕಬಡ್ಡಿ: ಬೋನಸ್ ಅಂಕ ಬರಬೇಕಾದರೆ ರೈಡರ್ ಒಂದು ಕಾಲನ್ನು ಬೋನಸ್ ಗೆರೆಯಾಚೆ ಊರಿದಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಎರಡೂ ಕಾಲನ್ನು ಒಂದೇ ಕ್ಷಣಕ್ಕೆ ನೋಡಲು ಮನುಷ್ಯರ ಕಣ್ಣಿಗೆ ಕಷ್ಟ. ಬೋನಸ್ ಗೆರೆಯ ತುದಿಯಲ್ಲಿ, ಅಂಕಣದಿಂದ ದೂರ ಸರಿದು, ಮೊಬೈಲನ್ನು ಮೊಣಕಾಲಿನ ಎತ್ತರಕ್ಕೆ ಇಡಿ.

ಖೋ ಖೋ: ಖೋ ಕೇಳುವ ಮುಂಚೆಯೇ ಕೂತವರು ಎದ್ದರೆ ಫೌಲ್. ಕೂತ ಸಾಲಿಗೆ ಅಡ್ಡಲಾಗಿ ಪಕ್ಕದಿಂದ ತೆಗೆದರೆ ಬೆನ್ನಿಗೆ ಕೈ ತಾಗಿದ್ದೂ ಎದ್ದದ್ದೂ ಎರಡೂ ಕಾಣುತ್ತವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿಯ ಮಣ್ಣಿನಲ್ಲಿ ಕಲಿತ ಆಟ ವಿಶ್ವಕಪ್‌ವರೆಗೆ ಹೋಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉದ್ದ ಜಿಗಿತ: ಸ್ಲೋ ಮೋಷನ್ನಿನಿಂದ ಹೆಚ್ಚು ಲಾಭ ಇರುವುದು ಇಲ್ಲಿ ಎಂದು ನನ್ನ ಅನುಭವ. ನಮ್ಮ ತರಗತಿಯ ಒಬ್ಬಳಿಗೆ ಕಳೆದ ವರ್ಷ ಹೋಬಳಿ ಕ್ರೀಡಾಕೂಟದಲ್ಲಿ ನಾಲ್ಕು ಬೆರಳಿನಷ್ಟು ಕಡಿಮೆ ಬಿದ್ದು ತಾಲ್ಲೂಕು ಮಟ್ಟ ತಪ್ಪಿತು. ಈ ವರ್ಷ ಅಭ್ಯಾಸದ ಹೊತ್ತಿನಲ್ಲಿ ದೈಹಿಕ ಶಿಕ್ಷಕರು ಹೇಳಿದ್ದರಿಂದ ಜಿಗಿಯುವ ಹಲಗೆಯ ನೇರಕ್ಕೆ ಮೊಬೈಲ್ ಇಟ್ಟು ಅವಳ ಆರು ಜಿಗಿತ ತೆಗೆದೆ. ಆರರಲ್ಲಿ ಐದು ಸಲ ಅವಳ ಕಾಲು ಹಲಗೆಗಿಂತ ಒಂದು ಗೇಣು ಹಿಂದೆಯೇ ನೆಲ ಬಿಡುತ್ತಿತ್ತು. ಎಲ್ಲಿಂದ ಜಿಗಿದರೂ ಅಳೆಯುವುದು ಹಲಗೆಯ ಗೆರೆಯಿಂದ. ಅಂದರೆ ಪ್ರತಿ ಸಲ ಒಂದು ಗೇಣನ್ನು ಅವಳು ಯಾರಿಗೋ ದಾನ ಕೊಟ್ಟಂತೆ! ಅವಳಿಗೆ ಬೇಕಾಗಿದ್ದದ್ದು ನಾಲ್ಕೇ ಬೆರಳು. "ಅಯ್ಯೋ, ನಾನು ಹಲಗೆ ತುಳಿದೇ ಜಿಗಿತೀನಿ ಅಂದ್ಕೊಂಡಿದ್ದೆ" ಅಂದಳು. ಓಟ ಶುರು ಮಾಡುವ ಗುರುತನ್ನು ಗೇಣು ಮುಂದೆ ತಂದು ಈಗ ಅಭ್ಯಾಸ ಮಾಡುತ್ತಿದ್ದಾಳೆ. ನಮಗೆ ಪೇಟೆಯವರಂತೆ ತರಬೇತುದಾರರಿಲ್ಲ. ಇರುವ ಒಬ್ಬ ದೈಹಿಕ ಶಿಕ್ಷಕರು ಇಡೀ ಶಾಲೆಯನ್ನು ನೋಡಿಕೊಳ್ಳಬೇಕು. ನಮ್ಮ ಆಟವನ್ನು ನಾವೇ ನೋಡಿಕೊಳ್ಳಲು ಸಿಕ್ಕಿದರೆ ಅದೇ ದೊಡ್ಡ ಗುರು.

ಹೋರಿ ಹಬ್ಬ: ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿ ಓಡಿಸುವಾಗ ಮೊಬೈಲ್ ಹಿಡಿದು ದಾರಿಗೆ ಇಳಿಯುವವರು ಬಹಳ. ಪರದೆಯಲ್ಲಿ ಹೋರಿ ದೂರ ಇದ್ದಂತೆ ಕಾಣುತ್ತದೆ, ನಿಜವಾಗಿ ಎದುರಿಗೇ ಇರುತ್ತದೆ. ದಯವಿಟ್ಟು ಮಾಳಿಗೆ ಮೇಲಿಂದ, ಇಲ್ಲವೇ ಬೇಲಿಯ ಆಚೆಯಿಂದ ತೆಗೆಯಿರಿ. ಕೊಬ್ಬರಿ ಸರ ಯಾರು ಕಿತ್ತರೆಂಬುದು ಅಲ್ಲಿಂದಲೂ ಕಾಣುತ್ತದೆ.

ನಿಮ್ಮ ಮೊಬೈಲ್ ನಿಜ ಹೇಳುತ್ತದೆಯೇ? ಒಂದು ಪ್ರಯೋಗ

ಡಬ್ಬಿಯ ಮೇಲೆ 240, 960 ಎಂದೆಲ್ಲ ಬರೆದಿರುತ್ತಾರೆ. ಅದನ್ನು ಪರೀಕ್ಷಿಸಲು ವಿಜ್ಞಾನ ಪಾಠವೇ ಸಾಕು. ಗೋಡೆಯ ಮೇಲೆ ನೆಲದಿಂದ 122.5 ಸೆಂಟಿಮೀಟರ್ ಎತ್ತರಕ್ಕೆ ಸೀಮೆಸುಣ್ಣದ ಗುರುತು ಮಾಡಿ. ಅಲ್ಲಿಂದ ಒಂದು ಗುಂಡನೆಯ ಕಲ್ಲನ್ನು ತಳ್ಳದೆ ಬಿಟ್ಟುಬಿಡಿ. ಅದು ನೆಲಕ್ಕೆ ಬೀಳಲು ಸರಿಯಾಗಿ ಅರ್ಧ ಸೆಕೆಂಡು ಹಿಡಿಯುತ್ತದೆ (ಅರ್ಧ × 9.8 × 0.5 × 0.5 = 1.225 ಮೀಟರ್). ಇದನ್ನು ಬಿಸಿಲಿನಲ್ಲಿ ಸ್ಲೋ ಮೋಷನ್ನಿನಲ್ಲಿ ತೆಗೆದು, ಕೈ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಫ್ರೇಮ್ ಎಣಿಸಿ.

240 ಇದ್ದರೆ ಸುಮಾರು 120 ಫ್ರೇಮ್ ಬರಬೇಕು.
120 ಇದ್ದರೆ ಸುಮಾರು 60.
30 ಇದ್ದರೆ ಸುಮಾರು 15.

ಎಣಿಕೆ ಸರಿ ಬಂದರೂ ಒಂದೊಂದು ಫ್ರೇಮನ್ನೂ ಗಮನಿಸಿ. ಕಲ್ಲು ಎರಡೆರಡಾಗಿ ಕಂಡರೆ, ಅಥವಾ ಒಂದೇ ಚಿತ್ರ ಮತ್ತೆ ಮತ್ತೆ ಬಂದರೆ, ಆ ಮೊಬೈಲ್ ಅಷ್ಟು ಚಿತ್ರ ತೆಗೆದಿಲ್ಲ, ನಡುವಿನದನ್ನು ತಾನೇ ಊಹಿಸಿ ತುಂಬಿದೆ ಎಂದರ್ಥ. ನೋಡಲು ಚೆಂದ, ಆದರೆ ಊಹೆಯ ಮೇಲೆ ಯಾರನ್ನೂ ಔಟ್ ಮಾಡಬಾರದು.

ಇದೇ ಲೆಕ್ಕದಿಂದ ನಿಮ್ಮ ಜಿಗಿತದ ಎತ್ತರವನ್ನೂ ತಿಳಿಯಬಹುದು. ನಿಂತಲ್ಲೇ ನೆಟ್ಟಗೆ ಹಾರಿ, ಹಾರಿದ ಭಂಗಿಯಲ್ಲೇ ಇಳಿಯಿರಿ. 240 ಫ್ರೇಮಿನ ವಿಡಿಯೋದಲ್ಲಿ ಕಾಲು ನೆಲ ಬಿಟ್ಟಲ್ಲಿಂದ ಮತ್ತೆ ಮುಟ್ಟುವವರೆಗೆ 120 ಫ್ರೇಮ್ ಇದ್ದರೆ ನೀವು ಗಾಳಿಯಲ್ಲಿದ್ದದ್ದು ಅರ್ಧ ಸೆಕೆಂಡು. ಏರಲು ಕಾಲು ಸೆಕೆಂಡು, ಇಳಿಯಲು ಕಾಲು ಸೆಕೆಂಡು. ಅರ್ಧ × 9.8 × 0.25 × 0.25 ಎಂದರೆ ಸುಮಾರು 30 ಸೆಂಟಿಮೀಟರ್. ಟೇಪು ಹಿಡಿಯದೆ ಅಳತೆ ಸಿಕ್ಕಿತು!

ಕೆಲವು ಎಚ್ಚರಿಕೆಗಳು

ಶಾಲೆಗೆ ಮೊಬೈಲ್ ತರಬಾರದೆಂಬ ನಿಯಮ ನಮಗೆಲ್ಲ ಗೊತ್ತು. ಆದ್ದರಿಂದ ಗುರುಗಳ ಅನುಮತಿ ಪಡೆದು, ಅವರೆದುರಿಗೇ ತೆಗೆಯಬೇಕು. ಯಾರ ವಿಡಿಯೋ ತೆಗೆಯುತ್ತೇವೋ ಅವರನ್ನು ಮೊದಲು ಕೇಳಬೇಕು. ಅದರಲ್ಲೂ ಹೆಣ್ಣುಮಕ್ಕಳ ವಿಡಿಯೋ ಗುಂಪುಗಳಲ್ಲಿ ಹರಿದಾಡಿದರೆ ಮನೆಯವರು ಆಟವನ್ನೇ ಬಿಡಿಸಿಬಿಡುತ್ತಾರೆ. ನಿಮ್ಮ ಒಂದು ಬೆರಳಿನ ಕೆಲಸಕ್ಕೆ ಒಬ್ಬಳ ಆಟ ನಿಲ್ಲಬಾರದು. ಆಡಿದವರಿಗೆ ತೋರಿಸಿ, ಕೆಲಸ ಮುಗಿದ ಮೇಲೆ ಅಳಿಸಿಬಿಡಿ. ಬಿದ್ದವರನ್ನು ನಿಧಾನವಾಗಿ ತೋರಿಸಿ ನಗುವುದಂತೂ ಬೇಡವೇ ಬೇಡ.

ಇನ್ನೊಂದು ಮಾತು. ಪಂದ್ಯದಲ್ಲಿ ಅಂಪೈರ್ ಹೇಳಿದ್ದೇ ಕೊನೆ. ನಮ್ಮ ವಿಡಿಯೋ ಇರುವುದು ಕಲಿಯುವುದಕ್ಕೆ, ಅವರ ತೀರ್ಪನ್ನು ತಿರುಗಿಸುವುದಕ್ಕಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಸ್ಲೋ ಮೋಷನ್ ಎಂದರೆ ಪರಾಂಬರಿಸಿ ನೋಡುವ ಒಂದು ದಾರಿ, ಅಷ್ಟೇ. ಬಿಸಿಲು ನಮ್ಮಲ್ಲಿದೆ, ಮೈದಾನ ನಮ್ಮಲ್ಲಿದೆ, ಇಟ್ಟಿಗೆಗೂ ಬರವಿಲ್ಲ. ಕಲ್ಲಿನ ಪ್ರಯೋಗ ಮಾಡಿದವರು ಎಷ್ಟು ಫ್ರೇಮ್ ಬಂತೆಂದು ಬರೆಯಲು ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ. ಪೆನ್ಸಿಲ್ ದಾರದಲ್ಲಿ ಕಟ್ಟಿದೆ, ದಯವಿಟ್ಟು ಕಿತ್ತುಕೊಂಡು ಹೋಗಬೇಡಿ.